ಅರಿವಳಿಕೆ ಡಾಕ್ಟರು ಯಾರ ಪೈಕಿ?

ಮೀಸೆಗೂ ಧೈರ್ಯಕ್ಕೂ ಸಂಬಂಧವಿದೆ ಎಂದು ನಂಬಿದವರು ನನ್ನನ್ನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನೋಡಿಲ್ಲ. ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ, ಅರ್ಧ ಇಂಡಿ ಊರಿಗೆ ಕೇಳುವಂತೆ 'ಸಾವಧಾನ್' ಎಂದು ಕೂಗಬಲ್ಲೆ. ಆದರೆ ದವಡೆಯ ಮೂಲೆಯಲ್ಲಿ ಅಡ್ಡ ಮಲಗಿದ ಹಲ್ಲೊಂದನ್ನು ತೆಗೆಸಲು ಹೋದಾಗ, ಸೂಜಿ ಕಂಡದ್ದೇ ತಡ, ಡಾಕ್ಟರ ಬೆರಳು ಕಚ್ಚಿದೆ. ಒಂದಲ್ಲ, ಎರಡು ಸಲ. ಅವರು ಕೈಗವಸು ಕಳಚಿ ಬೆರಳು ಎಣಿಸಿಕೊಂಡು, "ಸರ್, ನಿಮಗ ಮಂಪರು ಕೊಟ್ಟ ತಗಿಯೂದ ಪಾಡ್ರಿ. ಅದಕ್ಕ ಕಲತ ಅರಿವಳಿಕೆ ಡಾಕ್ಟರ ಬೇಕು, ಹುಡುಕೂಣು" ಎಂದರು.

ಹುಡುಕುವ ಕೆಲಸ ಅವರಿಗೇ ಬಿಟ್ಟಿದ್ದರೆ ಆಗುತ್ತಿತ್ತು, ಬಂಧುಬಳಗ ಬಿಡಬೇಕಲ್ಲ. ಸಿಂದಗಿಯ ಷಡ್ಡಕ ಫೋನು ಮಾಡಿ, "ನಮ್ಮಲ್ಲಿ ಒಬ್ಬಾಂವ ಅದಾನ. ಅಂವಾ ಚುಚ್ಚಿದ್ರ ಎಮ್ಮಿ ಸೈತ ಅಡ್ಡಾಗ್ತೈತಿ" ಎಂದ. ವಿಚಾರಿಸಿದರೆ ಆತ ನಿಜಕ್ಕೂ ದನದ ದವಾಖಾನೆಯ ಕಂಪೌಂಡರು. ನನ್ನ ಹೆಂಡತಿಯಂತೂ, "ನಿದ್ದಿ ಬರಾಕ ಡಾಕ್ಟರ ಯಾಕ? ನಿಮ್ಮ ಭಾಷಣ ನೀವ ಒಮ್ಮೆ ಕೇಳ್ರಿ" ಎಂದಳು.

ಕೊನೆಗೆ ಹಲ್ಲಿನ ಡಾಕ್ಟರೇ ಒಬ್ಬ ಹೆಣ್ಣುಮಗಳನ್ನು ಗೊತ್ತು ಮಾಡಿದರು. ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ಆಪರೇಷನ್ನಿಂದ ಆಪರೇಷನ್ನಿಗೆ ಕಾರಿನಲ್ಲಿ ಓಡಾಡುವ ಅರಿವಳಿಕೆ ಡಾಕ್ಟರು. ಎರಡು ಸಲ ನನ್ನ ಸರದಿ ತಪ್ಪಿತು. ಹೆರಿಗೆ ಬಂದರೆ ಹಲ್ಲು ಕಾಯಬೇಕಂತೆ. ಅಷ್ಟರಲ್ಲಿ ನಾನೊಂದು ಚೀಟಿ ಬರೆದಿಟ್ಟುಕೊಂಡೆ. ಏನು ಓದಿದ್ದೀರಿ, ಎಷ್ಟು ವರ್ಷದ ಅನುಭವ, ನಾನು ಮಲಗಿರುವಾಗ ನನ್ನ ಉಸಿರು ನೋಡಿಕೊಳ್ಳುವವರು ಯಾರು? ಜೀವದ ಪ್ರಶ್ನೆ, ಸಂಕೋಚ ಪಟ್ಟರೆ ನಡೆಯುವುದಿಲ್ಲ.

ಆಕೆ ಬಂದರು. ನಾನು ಚೀಟಿ ತೆಗೆದೆ. ಬಾಯಿಂದ ಬಂದದ್ದು ಮಾತ್ರ, "ತಮ್ಮದು ಯಾವೂರ್ರಿ?"

"ಮುಳವಾಡ್ರಿ."

"ತಾಯಿಯವ್ರ ತವರಮನಿ?"

"ತಾಂಬಾ."

ಎದೆ ಹಗುರಾಯಿತು. ತಾಂಬಾ ನಮ್ಮ ಸೋದರತ್ತೆಯನ್ನು ಕೊಟ್ಟ ಊರು. ಈ ಡಾಕ್ಟರಮ್ಮನ ಅಜ್ಜ ನಮ್ಮತ್ತೆಯ ಓಣಿಯವರೇ ಎಂದು ಐದು ನಿಮಿಷದಲ್ಲಿ ಪತ್ತೆ ಹಚ್ಚಿ, ಚೀಟಿ ಮಡಚಿ ಕಿಸೆಗೆ ಹಾಕಿಕೊಂಡೆ. ಇನ್ನು ಡಿಗ್ರಿ ಕೇಳುವುದೇನು?

"ನಿಮ್ಮ ವಿಚಾರಣಿ ಮುಗೀತಿಲ್ರಿ? ಈಗ ನಾ ಕೇಳ್ತೇನಿ. ಹೊಟ್ಟ್ಯಾಗ ಏನೂ ಇಲ್ಲಲ್ಲ?"

"ಏನೂ ಇಲ್ರಿ. ನಿನ್ನಿಯಿಂದ ಬರೇ ಹೊಟ್ಟಿ."

"ಎಲ್ಲಿ ಬರೇ ಹೊಟ್ಟಿ?" ಹೆಂಡತಿ ಬಾಗಿಲಲ್ಲೇ ನಿಂತು ಸಾಕ್ಷಿ ಹೇಳಿದಳು. "ಮುಂಜಾನಿ ಎರಡು ಸಲ ಚಾ, ಮ್ಯಾಲ ಒಂದು ಬೊಗಸಿ ಅವಲಕ್ಕಿ ಚೂಡಾ!"

"ಚೂಡಾ ಏನ ಊಟಾನೇನ?" ಎಂದು ಗದರಿದೆ. ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ರೊಟ್ಟಿ ಮುರಿಯದ ಹೊಟ್ಟೆ ಖಾಲಿ ಹೊಟ್ಟೆಯೇ.

ಆಕೆ ಚೀಲ ಮುಚ್ಚಿದರು. "ಮಂಪರಿನ್ಯಾಗ ವಾಂತಿ ಆದ್ರ ಆ ಚೂಡಾ ಸೀದಾ ಶ್ವಾಸದಾಗ ಇಳೀತೈತ್ರಿ. ಇವತ್ತ ಆಗೂದಿಲ್ಲ."

"ಅಲ್ರಿ, ನೀವು ನಮ್ಮ ತಾಂಬಾದವ್ರಾಗಿ..."

"ಅದಕ್ಕ ಹೇಳಾಕತ್ತೇನಿ. ನಿಮಗೇನರ ಆದ್ರ ನಮ್ಮವ್ವ ತವರಮನಿಗೆ ಹ್ಯಾಂಗ ಹೋಗಬೇಕ್ರಿ?"

ಯಾವ ಸರ್ಟಿಫಿಕೇಟು ನೋಡಿದ್ದರೂ ನನಗೆ ಅಷ್ಟು ನಂಬಿಕೆ ಬರುತ್ತಿರಲಿಲ್ಲ. ಹಲ್ಲನ್ನು ಹಾಗೇ ಬಾಯಲ್ಲಿಟ್ಟುಕೊಂಡು ಮನೆಗೆ ಬಂದೆ. ತಿಂಗಳುಗಟ್ಟಲೆ ತಾಲೂಕು ತಾಲೂಕು ತಡಕಾಡಿದ ಮೇಲೆ ಅರ್ಹ ಡಾಕ್ಟರೇನೋ ಸಿಕ್ಕರು. ಅವರಿಗೆ ಆ ದಿನ ಅರ್ಹ ರೋಗಿ ಸಿಗಲಿಲ್ಲ.