ಮೂರು ಸ್ಟೂಲು ಮಾರಿದ ದೇವರು

ಗಂಡ: ಬೇಡ ಅಂದ್ರೆ ಬೇಡ! ಇನ್ನು ಆ ಆಫೀಸಿನ ಮೆಟ್ಟಿಲು ಹತ್ತೋನಲ್ಲ ನಾನು. ನೋಡು, ರಾಜೀನಾಮೆ ಬರೆದಾಯ್ತು. ಸಹಿ ಒಂದು ಬಾಕಿ.

ಹೆಂಡತಿ: ಇಪ್ಪತ್ತು ವರ್ಷ ನೀರಿನ ಬಿಲ್ಲು ಬರೆದ ಕೈ. ಇನ್ನು ಸ್ಟೂಲು ಮಾಡಿ ಸಂಸಾರ ಸಾಕುತ್ತಾ?

ಗಂಡ: ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನೇ?

ಹೆಂಡತಿ: ಮೇಯಿಸಲ್ಲ. ಆದ್ರೆ ನಿಮ್ಮ ಸ್ಟೂಲ್ ಮೇಲೆ ಕೂತು ಊಟ ಮಾಡು ಅಂದ್ರೆ, ಆ ದೇವರೂ ನಿಂತೇ ಮಾಡ್ತಾನೆ.

ಐದು ವರ್ಷದಿಂದ ರಜೆ ಬಂದರೆ ಸಾಕು, ಈತ ಹಿತ್ತಲಿನಲ್ಲಿ ಗರಗಸ ಹಿಡಿದು ಕೂರುತ್ತಿದ್ದ. ನಾಲ್ಕು ಕಾಲೂ ಒಂದೇ ಉದ್ದವಿರುವ ಸ್ಟೂಲನ್ನು ಮಾತ್ರ ಆ ಮನೆ ಇನ್ನೂ ಕಂಡಿರಲಿಲ್ಲ. ಕೇಳಿದರೆ, ನೆಲ ಡೊಂಕು ಎನ್ನುತ್ತಿದ್ದ.

ಗಂಡ: ಹೋದ ವಾರ ದೇವಸ್ಥಾನದ ಪ್ರವಚನದಲ್ಲಿ ಹೇಳಿದ್ದು ಕೇಳಿಸ್ಲಿಲ್ವಾ? ದೇವರು ಕೊಟ್ಟ ವಿದ್ಯೆನ ಮುಚ್ಚಿಡೋದು ಪಾಪ.

ಹೆಂಡತಿ: ವಿದ್ಯೆ ಕೊಟ್ಟಿರಬಹುದು. ಅಳತೆಪಟ್ಟಿ ಕೊಡೋದು ಮರೆತಿದ್ದಾನೆ.

ಗಂಡ: ನಗು, ನಗು. ನಾನೇನು ಕಣ್ಮುಚ್ಚಿ ಬಾವಿಗೆ ಹಾರ್ತಿಲ್ಲ. ಆವತ್ತೇ ಕೈಮುಗಿದು ಕೇಳ್ಕೊಂಡೆ: 'ಸ್ವಾಮಿ, ಪಕ್ಕದ ಟೈಲರಮ್ಮನ ಅಂಗಡೀಲಿಟ್ಟಿರೋ ಮೂರು ಸ್ಟೂಲೂ ಈ ವಾರ ಮಾರಾಟವಾದ್ರೆ, ಕೆಲಸ ಬಿಡು ಅಂತ ನಿನ್ನ ಅಪ್ಪಣೆ.' ಐದೇ ದಿನ! ಮೂರೂ ಖಾಲಿ!

ಹೆಂಡತಿ ಮಂಚದ ಕಡೆ ಕಣ್ಣು ಹಾಯಿಸಿದಳು. ಆ ಸ್ಟೂಲುಗಳು ನಾಲ್ಕು ತಿಂಗಳು ಅಂಗಡಿಯಲ್ಲೇ ಕೊಳೆತಿದ್ದವು. ದಿನಾ ಸಂಜೆ ಇಣುಕಿ ನೋಡಿ ಜೋಲು ಮೋರೆ ಹಾಕಿಕೊಂಡು ಬರುವ ಗಂಡನನ್ನು ನೋಡಲಾರದೆ ಅವಳೇ ಮೂರನ್ನೂ ಕೊಂಡು, ಮಂಚದ ಕೆಳಗೆ ಹಳೇ ಕಂಬಳಿ ಮುಚ್ಚಿಟ್ಟಿದ್ದಳು. ಗಂಡ ಒಂದು ದಿನ ನಗಲಿ ಎಂದುಕೊಂಡಿದ್ದಳೇ ಹೊರತು, ತಾನು ದೇವರ ಪರವಾಗಿ ವ್ಯವಹಾರ ಮಾಡುತ್ತಿದ್ದೇನೆಂದು ಅವಳಿಗೇನು ಗೊತ್ತು?

ಹೆಂಡತಿ: ರೀ... ಕೊಂಡೋರು ಯಾರು ಅಂತ ವಿಚಾರಿಸಿದ್ರಾ?

ಗಂಡ: ಯಾರೋ ದೊಡ್ಡ ಮನಸ್ಸಿನ ಹೆಂಗಸಂತೆ. ಟೈಲರಮ್ಮ ಹೇಳಿದ್ರು.

ಹೆಂಡತಿ: ಮೂರಕ್ಕೂ ಒಬ್ಬಳೇನಾ? ಅನುಮಾನ ಬರ್ಲಿಲ್ವಾ?

ಗಂಡ: ಅನುಮಾನ ಯಾಕೆ? ಒಂದರ ಮೇಲೆ ಕೂತು ನೋಡಿ, ಇನ್ನೆರಡಕ್ಕೆ ಓಡಿ ಬಂದಿರ್ತಾಳೆ.

ಅವನು ಪೆನ್ನಿನ ಮುಚ್ಚಳ ತೆಗೆದ. ಇನ್ನು ತಡಮಾಡಿದರೆ ಸಂಸಾರವೇ ಬೀದಿಗೆ ಬಂತೆಂದು ಅವಳು ಬಗ್ಗಿ, ಮಂಚದ ಕೆಳಗಿಂದ ಒಂದೊಂದೇ ಸ್ಟೂಲು ಎಳೆದು ಮುಂದಿಟ್ಟಳು.

ಗಂಡ: (ಒಂದೊಂದನ್ನೂ ಮುಟ್ಟಿ ನೋಡಿ) ಮೂರೂ... ನೀನೇನಾ?

ಹೆಂಡತಿ: ನಾನೇ. ನಿಮ್ಮ ಮೋರೆ ನೋಡೋಕಾಗ್ಲಿಲ್ಲ.

ಅವನ ಮುಖ ಸಣ್ಣದಾಯಿತು. ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ಭಕ್ತ ಅಷ್ಟು ಸುಲಭಕ್ಕೆ ಸೋಲುವವನೇ?

ಗಂಡ: ಇರಲಿ. ಕೊಳ್ಳೋ ಬುದ್ಧಿ ನಿನಗೆ ಕೊಟ್ಟೋನು ಯಾರು? ಅವನೇ ತಾನೆ! ಅಪ್ಪಣೆ ಅಪ್ಪಣೆನೇ.

ಹೆಂಡತಿ: ಸರಿ ಬಿಡಿ. ಹಾಗಾದ್ರೆ ಇದರ ಮೇಲೇ ಕೂತು ಸಹಿ ಹಾಕಿ.

ಕೂತ. ಗಡಕ್! ಪೆನ್ನು ಕಾಗದದಾಚೆ ಜಾರಿತು. ಆ ಕಡೆ ವಾಲಿದ. ಗಡಕ್!

ಗಂಡ: ನೆಲ ಡೊಂಕು.

ಹೆಂಡತಿ: ಕುಣಿಯಲಾರದವಳೂ ಅದನ್ನೇ ಅಂದಳಂತೆ. ಆಫೀಸಿನ ಕುರ್ಚಿ ಹೀಗೆ ಕುಣಿಯುತ್ತಾ?

ಅವನು ಎದ್ದ. ಸ್ಟೂಲಿನ ಕಾಲು ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ. ನಿಟ್ಟುಸಿರುಬಿಟ್ಟು ರಾಜೀನಾಮೆಯನ್ನು ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿ, ಗಿಡ್ಡ ಕಾಲಿನ ಕೆಳಗೆ ತುರುಕಿ ಮತ್ತೆ ಕೂತ. ಸ್ಟೂಲು ಅಲ್ಲಾಡಲಿಲ್ಲ.

ಗಂಡ: (ಎದೆಯುಬ್ಬಿಸಿ) ನೋಡಿದ್ಯಾ? ಬಂಡೆ ಥರ ನಿಂತಿದೆ!

ಹೆಂಡತಿ: ಇನ್ನೂ ಎರಡು ಸ್ಟೂಲಿದೆ. ಇನ್ನೆರಡು ರಾಜೀನಾಮೆ ಬರೀರಿ.