ಗೋಡೆಯ ಕಡೆಯ ಗುಲಾಬಿ

ಪರ್ಸಿ ಸ್ಟಾನಿಫೋರ್ತ್ ಹೆಂಡತಿಗೆ ನೆರವಾಗಲು ಹೊರಟದ್ದೇ ತಪ್ಪಾಯಿತು. ನಾಲ್ಕು ಗಂಟೆಗೆ ಚರ್ಚಿನ ಗೆಳತಿಯರು ಚಹಾಕ್ಕೆ ಬರುವವರಿದ್ದರು; ವಿನಿ ಶೆಫೀಲ್ಡ್ ಪೇಟೆಗೆ ಹೋಗಿದ್ದಳು. ಅಷ್ಟರಲ್ಲಿ ಬೆಳ್ಳಿಯ ಟೀಪಾಟನ್ನು ಒರೆಸಿಡೋಣವೆಂದುಕೊಂಡ. ಅವನ ತಾಯಿಯ ಕಾಲದ್ದು, ಮೈತುಂಬ ಉಬ್ಬು ಕೆತ್ತನೆಯ ಗುಲಾಬಿಗಳು. ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ವಿನಿ ಅದನ್ನು ಅವನಿಗೆ ಮುಟ್ಟಗೊಟ್ಟಿರಲಿಲ್ಲ. "ನಿನ್ನ ಕೈಗೆ ಸಿಕ್ಕಿದ್ದು ಯಾವುದು ನೆಟ್ಟಗಿದೆ?" ಅನ್ನುತ್ತಿದ್ದಳು.

ಟೀಪಾಟು ಜಾರಿ ಜಮಖಾನದ ಮೇಲೆ ಬಿತ್ತು. ಎತ್ತಿ ನೋಡಿದರೆ, ಹಿಂಬದಿಯ ದೊಡ್ಡ ಗುಲಾಬಿ ಹಲ್ಲಿಲ್ಲದ ಅಜ್ಜಿಯ ಕೆನ್ನೆಯಂತೆ ಒಳಕ್ಕೆ ಹೋಗಿತ್ತು!

ಅವನ ಕೂಗು ಕೇಳಿ ಪಕ್ಕದ ಮನೆಯ ಡೋರಾ ಬಂದಳು. "ಅಯ್ಯೋ, ವಿನಿ ನಿನ್ನ ಸುಮ್ನೆ ಬಿಡ್ತಾಳಾ! ಒಳಗಿಂದ ಸೌಟಲ್ಲಿ ಒತ್ತು." ಮರದ ಸೌಟು ಮುರಿಯಿತು. ಅವಳ ಗಂಡ ಸ್ಟಾನ್, "ಸುತ್ತಿಗೆ ತರ್ಲಾ?" ಎಂದದ್ದೇ ತಡ, ಪರ್ಸಿ ಟೀಪಾಟನ್ನು ಅವಚಿಕೊಂಡು, ಏಪ್ರನ್ನಿನಲ್ಲೇ ಬೀದಿಗೆ ಓಡಿದ. ಹಿಂದೆಯೇ ಗಂಡ ಹೆಂಡತಿ, ಎದುರು ಸಿಕ್ಕವರಿಗೆಲ್ಲ ಕತೆ ಹೇಳುತ್ತ.

ಬೀದಿಯ ಕೊನೆಯಲ್ಲಿದ್ದ ಮಿಸ್ ಇಬ್ಬಟ್ಸನ್ ಐವತ್ತು ವರ್ಷ ಬೆಳ್ಳಿಯ ಮೇಲೆ ಹೂವು ಅರಳಿಸಿದವರು. ಭೂತಗನ್ನಡಿ ಹಿಡಿದು ತಗ್ಗನ್ನು ನೋಡಿದರು. ಅದರ ಸಂದಿಯಲ್ಲಿ ಎಷ್ಟೋ ವರ್ಷದ ಪಾಲಿಶ್ ಒಣಗಿ ಕಲ್ಲಾಗಿತ್ತು.

"ಇದು ಯಾವಾಗ ಆಗಿದ್ದಪ್ಪ?"

"ಇವತ್ತು ಬೆಳಿಗ್ಗೆ. ನನ್ನಿಂದ್ಲೇ."

ಅವರು ಬಾಯಿ ತೆರೆದವರು ಅವನ ಬೆವರಿದ ಮುಖ ನೋಡಿ ಸುಮ್ಮನಾದರು. "ಆಗ್ಲಿ, ಕೂತ್ಕೋ ಮಗು."

ಬಾಗಿದ ಸಲಾಕೆಯನ್ನು ಒಳಗಿಳಿಸಿ ಹೊರಗಿನ ತುದಿಯನ್ನು ತಟ್ಟುತ್ತ ಹೋದರು. ಎಸಳೆಸಳಾಗಿ ಗುಲಾಬಿ ಮೇಲೆದ್ದಿತು. ಮಸುಕಾದ ಗೆರೆಗಳನ್ನು ಸಣ್ಣ ಉಳಿಯಿಂದ ಮತ್ತೆ ಮೂಡಿಸಿದರು.

"ನಿಮ್ಮ ಋಣ ಹೇಗೆ ತೀರಿಸ್ಲಿ?"

"ಇದ್ರಲ್ಲೇ ಒಂದು ಕಪ್ ಚಹಾ ಕೊಡು, ಸಾಕು. ನಾಲ್ಕಕ್ಕೆ ಬರ್ತೀನಿ."

ಪೇಟೆಯಿಂದ ಮನೆಗೆ ಬಂದ ವಿನಿ ಟೀಪಾಟು ಎತ್ತಿಕೊಂಡಳು, ಹಿಂದೆ ತಿರುಗಿಸಿದಳು, ಬಿಳಿಚಿಕೊಂಡಳು.

"ಪರ್ಸಿ, ನನ್ನ ತಗ್ಗೆಲ್ಲಿ?"

"ನಿನ್ನ ತಗ್ಗಾ?"

"ಮದುವೆಯಾದ ಮೊದಲ ವರ್ಷ ಬೀಳ್ಸಿದ್ದೆ ಕಣೋ. ನಿಮ್ಮಮ್ಮಂದು, ಹೇಗೆ ಹೇಳ್ಲಿ? ಅದಕ್ಕೇ ಯಾವಾಗ್ಲೂ ಆ ಕಡೆ ಗೋಡೆಗೆ ತಿರುಗ್ಸಿ ಇಡ್ತಿದ್ದೆ." ಅವಳ ಕಣ್ಣು ತುಂಬಿತು.

"ಹಾಗಾದ್ರೆ ನಾನು ಏನೂ ಮಾಡಿಲ್ಲ!" ಪರ್ಸಿ ಹಿಗ್ಗಿನಿಂದ ಎರಡೂ ಕೈ ಚಾಚಿ ಅವಳನ್ನು ಅಪ್ಪಿಕೊಳ್ಳಹೋದ. ಮೊಣಕೈ ತಗುಲಿ ಟೀಪಾಟು ಒಲೆಗೂಡಿನ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು.

ಅದೇ ಗುಲಾಬಿ.

ಬಾಗಿಲು ಬಡಿದ ಸದ್ದಾಯಿತು. ಇಬ್ಬರೂ ಸೇರಿ ಟೀಪಾಟನ್ನು ಮೇಜಿನ ಮೇಲಿಟ್ಟು ತಗ್ಗನ್ನು ಗೋಡೆಯ ಕಡೆ ತಿರುಗಿಸಿದರು. ಮಿಸ್ ಇಬ್ಬಟ್ಸನ್ ಒಳಗೆ ಬಂದು ಟೀಪಾಟನ್ನು ನೋಡಿದರು, ಇಬ್ಬರ ಮುಖ ನೋಡಿದರು, ಕೈಚೀಲದಿಂದ ಮೆಲ್ಲಗೆ ಸಲಾಕೆ ತೆಗೆದರು.

"ಯಾತಕ್ಕೂ ಇರ್ಲಿ ಅಂತ ತಂದೆ. ಮೊದ್ಲು ಚಹಾ ಆಗ್ಲಿ."