ಮೆಕ್ಸಿಕೋದ ಕಾಂತರಾಜ್ ಅವರು

ಶಿವಮೊಗ್ಗ ಜಿಲ್ಲೆಯಲ್ಲಿ ಮೆಕ್ಸಿಕೋ ದೇಶದ ಸಂಗೀತಗಾರರ ತೀವ್ರ ಕೊರತೆ ಇದೆ ಎಂಬ ಸಂಗತಿ ೨೦೦೩ರ ಜನವರಿಯಲ್ಲಿ ಸರಕಾರದ ಗಮನಕ್ಕೆ ಬಂದಿತು. ಅಲ್ಲಿಯವರೆಗೆ ಈ ಕೊರತೆಯಿಂದ ಜನ ಎಷ್ಟು ಕಷ್ಟಪಟ್ಟಿದ್ದರು ಎಂಬುದಕ್ಕೆ ದಾಖಲೆ ಇಲ್ಲ. ಕೂಡಲೇ ಸುತ್ತೋಲೆ ಹೊರಟಿತು. ಪ್ರತಿ ಜಿಲ್ಲೆಯೂ ಒಂದೊಂದು ವಿದೇಶದ ಹಳ್ಳಿ ಸಂಗೀತವನ್ನು ಕುಣಿತದ ಯಂತ್ರಸಂಗೀತದೊಂದಿಗೆ ಬೆರೆಸಿ ‘ಜಾನಪದ ಯಂತ್ರ ಸಮ್ಮಿಲನೋತ್ಸವ’ ಆಚರಿಸತಕ್ಕದ್ದು. ಪಕ್ಕದ ಜಿಲ್ಲೆಗೆ ಮಂಗೋಲಿಯಾ ಹೋಯಿತು. ಶಿವಮೊಗ್ಗದ ಪಾಲಿಗೆ ಮೆಕ್ಸಿಕೋ ಬಂತು.

ಇದನ್ನು ಜಾರಿಗೆ ತರಲು ದುರ್ಗಿಗುಡಿಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ, ಸಮ್ಮಿಲನ ಕಚೇರಿ ತೆರೆಯಲಾಯಿತು. ಅಧಿಕಾರಿ ಏಕಾಂತಪ್ಪನವರು ರೇಷ್ಮೆ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರು. ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಅರ್ಧ ಆಯುಷ್ಯ ಕೇಳಿದವರಾದ್ದರಿಂದ ಸಂಗೀತಕ್ಕೆ ಅವರೇ ತಕ್ಕವರು ಎಂದು ಮೇಲಿನವರು ತೀರ್ಮಾನಿಸಿದ್ದರು.

ಇನ್ನು ಕಾಂತರಾಜನ ವಿಷಯ. ಭದ್ರಾವತಿ ಹಳೇನಗರದ ಕಾಂತರಾಜ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಒಂದು ಬ್ರಾಸ್ ಬ್ಯಾಂಡಿನ ಮೇಸ್ತ್ರಿಯಾಗಿದ್ದವನು. ಊರಿನ ಎಷ್ಟೋ ಮದುಮಕ್ಕಳು ಅವನ ಟ್ರಂಪೆಟ್ಟಿನ ಹಿಂದೆ ನಡೆದೇ ಛತ್ರ ಸೇರಿದವರು. ಆದರೆ ಅವನ ಹಕ್ಕು ಛತ್ರದ ಬಾಗಿಲಿನವರೆಗೆ ಮಾತ್ರ. ಊಟ ಕೊನೇ ಪಂಕ್ತಿಯಲ್ಲಿ, ಅದೂ ಪಾಯಸ ಮುಗಿದ ಮೇಲೆ. ಈಚೆಗೆ ಆ ಬಾಗಿಲಿನವರೆಗಿನ ಹಕ್ಕೂ ಹೋಗತೊಡಗಿತ್ತು. ಜನ ಕೀಬೋರ್ಡು, ಆಳೆತ್ತರದ ಸ್ಪೀಕರು ಇರುವ ಆರ್ಕೆಸ್ಟ್ರಾಗಳನ್ನು ಕರೆಸುತ್ತಿದ್ದರು. ಅಂಥದೊಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವಳು ಅವನ ಸ್ವಂತ ಮಗಳು ಇಂಪನಾ. ಅಪ್ಪ ಮಗಳು ಮನೆಯಲ್ಲಿ ಸಾರಿನ ಉಪ್ಪು, ಬಾರದ ನಲ್ಲಿ ನೀರು, ಮುಗಿದ ಗ್ಯಾಸು ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ಸಂಗೀತದ ಮಾತು ಮಾತ್ರ ನಿಂತುಹೋಗಿತ್ತು.

ಕಾಂತರಾಜನಿಗೆ ಇದ್ದದ್ದು ಒಂದೇ ಆಸೆ. ‘ಭದ್ರಾವತಿಯ ಕಲಾವಿದ’ ಎಂದು ಯಾರಾದರೂ ಮೊಹರು ಒತ್ತಿ ಬರೆದುಕೊಡಬೇಕು. ಉತ್ಸವದಲ್ಲಿ ಸ್ಥಳೀಯರಿಗೂ ಒಂದು ಅವಕಾಶ ಇದೆ, ನುಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತಾರೆ ಎಂದು ಕೇಳಿ ಅರ್ಜಿ ಹಾಕಿದ. ಬೇರೆ ಯಾರೂ ಹಾಕದೆ ಇದ್ದುದರಿಂದ ತೀವ್ರ ಪೈಪೋಟಿಯಲ್ಲಿ ಆಯ್ಕೆಯಾದ.

ಉತ್ಸವದ ಹಿಂದಿನ ದಿನ ಮೆಕ್ಸಿಕೋ ತಂಡ ರೈಲಿನಲ್ಲಿ ಬರಬೇಕಿತ್ತು. ಬೀರೂರಿನಲ್ಲಿ ಬೋಗಿಗಳನ್ನು ಬೇರೆ ಮಾಡುವ ಹೊತ್ತಿಗೆ ಅವರು ವಡೆ ತಿನ್ನಲು ಇಳಿದರು. ಮತ್ತೆ ಹತ್ತಿದ್ದು ಹುಬ್ಬಳ್ಳಿ ಕಡೆಯ ಬೋಗಿಯನ್ನು. ಶಿವಮೊಗ್ಗದ ಸ್ಟೇಷನ್ನಿನಲ್ಲಿ ಹಾರ ಹಿಡಿದು ನಿಂತಿದ್ದ ಗುಮಾಸ್ತ ಶಿವಯೋಗಿ, ತಂದ ಹಾರ ವ್ಯರ್ಥವಾಗಬಾರದೆಂದು ಅದನ್ನು ಸ್ಟೇಷನ್ ಮಾಸ್ಟರಿಗೆ ಹಾಕಿ ಕಚೇರಿಗೆ ಮರಳಿದ.

ಏಕಾಂತಪ್ಪನವರು ಕುರ್ಚಿಯಲ್ಲಿ ಕುಸಿದರು. ವಿದೇಶಿ ತಂಡ ಇಲ್ಲದಿದ್ದರೆ ಉತ್ಸವ ರದ್ದು. ಉತ್ಸವ ರದ್ದಾದರೆ ಕಚೇರಿ ರದ್ದು. ಕಚೇರಿ ರದ್ದಾದರೆ ಅವರು ಮತ್ತೆ ಹುಳುಗಳ ಸನ್ನಿಧಿಗೆ.

“ಸುತ್ತೋಲೇಲಿ ಮೆಕ್ಸಿಕೋ ಸಂಗೀತ ಅಂದ್ರೆ ಏನು ಅಂತ ಬರೆದಿದಾರೆ, ಓದು ಮಾರಾಯ,” ಎಂದರು.

ಶಿವಯೋಗಿ ಓದಿದ. ಟ್ರಂಪೆಟ್, ಟ್ಯೂಬಾ, ದೊಡ್ಡ ಡ್ರಮ್, ಅಕಾರ್ಡಿಯನ್ ಇರತಕ್ಕದ್ದು. ಸದರಿ ನಾದವನ್ನು ಯಂತ್ರವು ತುಂಡರಿಸಿ ಮತ್ತೆ ಮತ್ತೆ ನುಡಿಸತಕ್ಕದ್ದು. ಕೇಳಿದವರು ಕುಣಿಯತಕ್ಕದ್ದು.

“ಮೆಕ್ಸಿಕೋದವರೇ ನುಡಿಸಬೇಕು ಅಂತ ಎಲ್ಲಾದ್ರೂ ಇದ್ಯಾ?”

“ಅದು ಗೊತ್ತಿರೋ ವಿಷಯ ಅಂತ ಬಿಟ್ಟಿರಬಹುದು ಸಾರ್.”

“ಬಿಟ್ಟಿದ್ದನ್ನ ನಾವು ಸೇರಿಸಬಾರದು. ತಪ್ಪಾಗುತ್ತೆ.”

ಜೀಪು ನೇರ ಭದ್ರಾವತಿಗೆ ಹೊರಟಿತು. ಹಳೇನಗರದ ಓಣಿಯಲ್ಲಿ ಕಾಂತರಾಜನ ಬ್ಯಾಂಡಿನವರು ಮರುದಿನದ ತಯಾರಿಗೆ ಹಿತ್ತಾಳೆ ಉಜ್ಜುತ್ತಿದ್ದರು. ಏಕಾಂತಪ್ಪನವರು ಚಪ್ಪಲಿ ಬಿಡದೆ ಒಳಗೆ ಬಂದು ಕೇಳಿದರು: “ಏನಯ್ಯಾ, ನಿನ್ನ ಹತ್ರ ಟ್ಯೂಬಾ ಇದ್ಯಾ?”

“ಇದೆ ಸಾರ್. ಬಾಯಿ ಸ್ವಲ್ಪ ಸೊಟ್ಟಗಿದೆ.”

“ಡ್ರಮ್ಮು?”

“ಇದೆ ಸಾರ್. ನಮ್ಮ ಸಿದ್ದು ಹೊಡೀತಾನೆ.”

“ಅಕಾರ್ಡಿಯನ್?”

“ಇಲ್ಲ ಸಾರ್. ಭಜನೆ ಮಂದಿರದ ಹಾರ್ಮೋನಿಯಂ ತರಿಸಬಹುದು.”

“ಕುತ್ತಿಗೆಗೆ ನೇತು ಹಾಕ್ಕೊಂಡ್ರೆ ಅದೂ ಅದೇ ತಾನೆ. ಯಂತ್ರ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂಪನಾ ಉತ್ತರಿಸಿದಳು: “ನನ್ನ ಹತ್ರ ಇದೆ ಸಾರ್. ಕೀಬೋರ್ಡೂ ಇದೆ, ಸದ್ದನ್ನ ಹಿಡಿದಿಟ್ಟು ತುಂಡು ಮಾಡೋ ಪೆಟ್ಟಿಗೆನೂ ಇದೆ.”

ಅಷ್ಟರಲ್ಲಿ ಟ್ಯೂಬಾದವನಿಗೂ ಸಿದ್ದುವಿಗೂ ಉಜ್ಜುವ ಬಟ್ಟೆಯ ವಿಷಯಕ್ಕೆ ಜಗಳ ಹತ್ತಿತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಇಬ್ಬರೂ ತಮಿಳಿನಲ್ಲಿ ಶುರು ಮಾಡಿ, ತೆಲುಗಿನಲ್ಲಿ ಬೈದು, ಕನ್ನಡದಲ್ಲಿ ಮುಗಿಸುತ್ತಿದ್ದರು. ಏಕಾಂತಪ್ಪನವರು ಕಿವಿಗೊಟ್ಟು ಕೇಳಿದರು. “ಭಾಷೆ ಅರ್ಥವಾಗುತ್ತಿಲ್ಲ. ತೃಪ್ತಿಕರ,” ಎಂದು ಶಿವಯೋಗಿಗೆ ಬರೆಸಿದರು. ಆಮೇಲೆ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಕೈಮುಗಿದರು.

“ಕಾಂತರಾಜ್ ಅವರೇ, ತಾವು ಮೆಕ್ಸಿಕೋ ಕಡೆಯಿಂದ ಬಂದು ನಮ್ಮ ಜಿಲ್ಲೆಯ ಮಾನ ಉಳಿಸಬೇಕು.”

ವಿದೇಶಿ ಅತಿಥಿಗಳನ್ನು ಏಕವಚನದಲ್ಲಿ ಸಂಬೋಧಿಸುವಂತಿಲ್ಲ ಎಂಬ ನಿಯಮವಿದೆ. ಆದ್ದರಿಂದ ಈ ಬರಹದಲ್ಲೂ ಇಲ್ಲಿಂದ ಮುಂದೆ ಕಾಂತರಾಜ್ ಅವರನ್ನು ಬಹುವಚನದಲ್ಲೇ ಕರೆಯಲಾಗುವುದು.

“ಸ್ಥಳೀಯರ ಪಟ್ಟೀಲಿ ನನ್ನ ಹೆಸರು ಇದ್ಯಲ್ಲ ಸಾರ್?” ಎಂದು ಕಾಂತರಾಜ್ ಅವರು ಕೇಳಿದರು.

“ಅದಕ್ಕೇನು, ಆಮೇಲೆ ಸರಿ ಮಾಡೋಣ,” ಎಂದರು ಏಕಾಂತಪ್ಪನವರು. ಸರಕಾರಿ ಕನ್ನಡದಲ್ಲಿ ಈ ವಾಕ್ಯಕ್ಕೆ ಇರುವ ಅರ್ಥ ಕಾಂತರಾಜ್ ಅವರಿಗೆ ಗೊತ್ತಿರಲಿಲ್ಲ.

ಮೆಕ್ಸಿಕೋದಿಂದ ಮಾದರಿಗೆಂದು ಬಂದಿದ್ದ ಸೀಡಿಯನ್ನು ಶಿವಯೋಗಿ ಕೊಟ್ಟುಹೋದ. ಇಂಪನಾ ಅದನ್ನು ಹಾಕಿದಳು. ಮೊದಲು ಡ್ರಮ್ಮು ಗುದ್ದಿತು, ಟ್ಯೂಬಾ ‘ಊಂ’ ಎಂದಿತು, ಅದರ ಬೆನ್ನಿಗೆ ಟ್ರಂಪೆಟ್ಟು ಎದ್ದಿತು. ಕಾಂತರಾಜ್ ಅವರಿಗೆ ಆಶ್ಚರ್ಯವಾಯಿತು. ಇದು ದಿಬ್ಬಣದ ನಡಿಗೆ. ಎಲ್ಲಿಯದೋ ಊರಿನಲ್ಲಿ ಯಾರೋ ಒಬ್ಬ ತಮ್ಮ ಹಾಗೆಯೇ ಬಿಸಿಲಿನಲ್ಲಿ ನಡೆಯುತ್ತ, ಮುಂದಿನ ತಿರುವಿನವರೆಗೆ ಉಸಿರು ಉಳಿಸಿಕೊಂಡು ಊದುತ್ತಿದ್ದಾನೆ ಎಂದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಯಂತ್ರ ಒಳಬಂತು. ಟ್ರಂಪೆಟ್ಟಿನ ಆ ಎಳೆಯನ್ನು ಈರುಳ್ಳಿಯಂತೆ ಕೊಚ್ಚಿ, ಒಂದೇ ಚೂರನ್ನು ತಿರುಗಿಸಿ ತಿರುಗಿಸಿ ಎಸೆಯತೊಡಗಿತು.

“ಈಗ ನೀವು ಊದಿ ಅಪ್ಪಾ,” ಎಂದಳು ಇಂಪನಾ.

ಊದಿದರು. ಅವಳು ಅದನ್ನು ಪೆಟ್ಟಿಗೆಯಲ್ಲಿ ಹಿಡಿದಳು, ಕತ್ತರಿಸಿದಳು, ತಾಳದ ಮೇಲೆ ಕೂರಿಸಿದಳು. ಕಾಂತರಾಜ್ ಅವರ ಮುಖ ಸಣ್ಣದಾಯಿತು.

“ನನ್ನ ಉಸಿರನ್ನೇ ಕೊಚ್ಚಿ ಹಾಕಿದ್ಯಲ್ಲೇ.”

“ಕೊಚ್ಚಿಲ್ಲ ಅಪ್ಪಾ. ನೀವು ಉಸಿರು ತಗೊಳ್ಳೋಕೆ ನಿಲ್ಲಿಸ್ತೀರಲ್ಲ, ಆ ಸಂದೀಲಿ ನಿಮ್ಮದೇ ಉಸಿರು ತುಂಬ್ತಾ ಇದೀನಿ. ಕೇಳಿ.”

ಮತ್ತೆ ಹಾಕಿದಳು. ಅವರು ಊದಿ ನಿಲ್ಲಿಸಿದ ಕಡೆ ಅವರೇ ಮತ್ತೆ ಶುರುವಾಗುತ್ತಿದ್ದರು. ಎಷ್ಟೋ ವರ್ಷಗಳಿಂದ ಪ್ರತಿ ದಿಬ್ಬಣದಲ್ಲೂ ಆ ಒಂದು ಕ್ಷಣ ಬರಿದಾಗುವುದು ಅವರಿಗೆ ಮುಜುಗರ ತರುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಇವಳು ಹೇಳದೆಯೇ ಕೇಳಿಸಿಕೊಂಡಿದ್ದಾಳೆ. “ಡ್ರಮ್ಮು ಸ್ವಲ್ಪ ಕೆಳಗೆ ಇಡು,” ಎಂದರು. ಅಪ್ಪ ಮಗಳ ನಡುವೆ ಸಂಗೀತದ ಮಾತು ಮತ್ತೆ ಶುರುವಾದದ್ದು ಹೀಗೆ.

ಮರುದಿನ ಸಂಜೆ ಶಿವಮೊಗ್ಗದ ಮೈದಾನ ತುಂಬಿತ್ತು. ಮೆಕ್ಸಿಕೋ ತಂಡ ಅಡಿಕೆ ಹಾಳೆಯಿಂದ ಮಾಡಿದ, ಕೊಡೆಯಷ್ಟು ಅಗಲದ ಟೋಪಿಗಳನ್ನು ಧರಿಸಿ ವೇದಿಕೆ ಹತ್ತಿತು. ಕಾಂತರಾಜ್ ಅವರು ಟ್ರಂಪೆಟ್ ಎತ್ತಿದರು, ಟ್ಯೂಬಾ ಸೊಟ್ಟ ಬಾಯಲ್ಲೇ ಗುಡುಗಿತು, ಇಂಪನಾ ಬೆರಳಾಡಿಸಿದಳು. ಮುಂದಿನ ಸಾಲಿನಲ್ಲಿ ತೀರ್ಪುಗಾರರಾಗಿ ಕೂತಿದ್ದ ಅಡಿಕೆ ಮಂಡಿಯ ಗಂಗಾಧರಪ್ಪನವರು, ಕುಣಿಯತಕ್ಕದ್ದು ಎಂಬ ನಿಯಮವನ್ನು ಯಾರೂ ನೆನಪಿಸದೆ ಎದ್ದು ಕುಣಿದರು. ಜನ ಶಿಳ್ಳೆ ಹಾಕಿದರು. ಯಾವ ಛತ್ರದ ಬಾಗಿಲಲ್ಲೂ ಕಾಂತರಾಜ್ ಅವರು ಅಂಥ ಶಿಳ್ಳೆ ಕೇಳಿರಲಿಲ್ಲ.

ಆಗ ಹುಬ್ಬಳ್ಳಿ ಬಸ್ಸಿನಿಂದ ಇಳಿದ ನಿಜವಾದ ಮೆಕ್ಸಿಕೋದವರು ವೇದಿಕೆಯ ಹಿಂದೆ ಬಂದು ನಿಂತರು. ಅಕಾರ್ಡಿಯನ್ ಹೊತ್ತ ದಪ್ಪ ಮೀಸೆಯ ನಾಯಕನ ಹೆಸರು ರಮೀರೋ. ಅವನು ತನ್ನ ಎದೆ ಮುಟ್ಟಿ “ಮೆಕ್ಸಿಕೋ” ಎಂದ.

“ಸಾಧ್ಯವಿಲ್ಲ,” ಎಂದ ಶಿವಯೋಗಿ. “ಮೆಕ್ಸಿಕೋದವರು ಈಗಾಗಲೇ ವೇದಿಕೆ ಮೇಲಿದಾರೆ. ಒಂದು ದೇಶ ಎರಡು ಸಲ ಬರೋ ಹಾಗಿಲ್ಲ.”

ರಮೀರೋ ಮತ್ತೊಮ್ಮೆ ಎದೆ ಮುಟ್ಟಿಕೊಂಡ. ಏಕಾಂತಪ್ಪನವರು ಬಂದು ನೋಡಿದರು. ಇಷ್ಟು ದೂರ ಬಂದವರನ್ನು ಕಳಿಸಿಬಿಡುವುದು ಅತಿಥಿ ಸತ್ಕಾರಕ್ಕೆ ತಕ್ಕದ್ದಲ್ಲ. ಖಾಲಿ ಇದ್ದದ್ದು ಒಂದೇ ಜಾಗ: ಸ್ಥಳೀಯ ಕಲಾವಿದರು, ಭದ್ರಾವತಿ. ಶಿವಯೋಗಿ ತೋರಿಸಿದ ಕಡೆ ರಮೀರೋ ಸಹಿ ಹಾಕಿದ.

“ಈಗ ನಮ್ಮ ಭದ್ರಾವತಿಯ ಹುಡುಗರು!” ಎಂದು ಘೋಷಣೆಯಾಯಿತು.

ಅವರು ನುಡಿಸಿದರು. ಕಾಂತರಾಜ್ ಅವರು ಪಕ್ಕದ ಪರದೆ ಹಿಡಿದು ಕೇಳಿದರು. ಸೀಡಿಯಲ್ಲಿ ಕೇಳಿದ್ದು ಇವರನ್ನೇ. ಅವರ ಟ್ರಂಪೆಟ್ಟಿನವನೂ ಉಸಿರಿಗೆ ನಿಲ್ಲುವ ಮೊದಲು ಎಡಗಾಲನ್ನು ಸ್ವಲ್ಪ ಎತ್ತುತ್ತಿದ್ದ, ತಾವು ಎತ್ತುವಂತೆಯೇ. ಅವರಿಗೆ ಕಣ್ಣು ತುಂಬಿತು.

“ನಮ್ಮೋರು ಪರವಾಗಿಲ್ಲ,” ಎಂದು ಗಂಗಾಧರಪ್ಪನವರು ಮೈಕಿನಲ್ಲಿ ತೀರ್ಪು ಕೊಟ್ಟರು. “ಆದ್ರೆ ಮೆಕ್ಸಿಕೋದವರ ರಕ್ತದಲ್ಲೇ ಅದು ಬಂದಿರುತ್ತೆ ಮಾರಾಯ್ರೆ. ಭದ್ರಾವತಿಯೋರು ಇವರ ಹತ್ರ ಇನ್ನೂ ಕಲೀಬೇಕು.”

‘ಭದ್ರಾವತಿಯ ಕಲಾವಿದ’ ಎಂಬ ಪ್ರಮಾಣಪತ್ರವನ್ನು ಶಾಲು ಹೊದಿಸಿ ರಮೀರೋಗೆ ಕೊಡಲಾಯಿತು. ಕಾಂತರಾಜ್ ಅವರಿಗೆ ಭಾರತದ ನೆನಪಿಗೆಂದು ಒಂದು ಗಂಧದ ಆನೆ ಸಿಕ್ಕಿತು.

ಮಾರನೆಯ ವಾರ ಅವರು ಬೇಕರಿಯ ಮೆಟ್ಟಿಲು ಹತ್ತಿದರು.

“ಸರಿ ಮಾಡ್ತೀವಿ ಅಂದಿದ್ರಿ ಸಾರ್.”

“ಖಂಡಿತ ಮಾಡಬಹುದು,” ಎಂದ ಶಿವಯೋಗಿ ಎದ್ದು ನಿಂತು, ಕುರ್ಚಿ ಕೊಟ್ಟು. “ತಾವು ಮೆಕ್ಸಿಕೋದವರಲ್ಲ ಅಂತ ಮೆಕ್ಸಿಕೋದವರು ಬರೆದುಕೊಡಬೇಕು.”

“ನಾನು ಹುಟ್ಟಿದ್ದೇ ಹಳೇನಗರದಲ್ಲಿ ಸಾರ್. ಬೇಕಾದ್ರೆ ನಮ್ಮ ತಾಯಿ ದುರ್ಗಮ್ಮನ್ನ ಕೇಳಿ.”

“ತಾಯಿಯವರೂ ಇಲ್ಲೇ ಇದಾರಾ?” ಶಿವಯೋಗಿ ಪೆನ್ನು ತೆಗೆದ. “ಹಾಗಾದ್ರೆ ಅವರನ್ನೂ ನೋಂದಾಯಿಸಬೇಕು.”

ಕಾಂತರಾಜ್ ಅವರು ಕೂಡಲೇ ಎದ್ದು ಮೆಟ್ಟಿಲಿಳಿದರು. ಇನ್ನಷ್ಟು ಮಾತಾಡಿದರೆ ಮನೆಮಂದಿಯೆಲ್ಲ ಮೆಕ್ಸಿಕೋಗೆ ಹೋಗುವ ಸಂಭವವಿತ್ತು.

ಅದೂ ಅಲ್ಲದೆ ದಿಬ್ಬಣಗಳು ಮರಳಿ ಬರತೊಡಗಿದ್ದವು. ಮೆಕ್ಸಿಕೋ ಬ್ಯಾಂಡ್ ಇಲ್ಲದ ಮದುವೆ ಮದುವೆಯಲ್ಲ ಎಂಬಂತಾಯಿತು. ಅಪ್ಪನ ಟ್ರಂಪೆಟ್ಟು, ಮಗಳ ಪೆಟ್ಟಿಗೆ ಒಟ್ಟಿಗೇ ಹೊರಡುತ್ತಿದ್ದವು. ಈಗ ಅವರನ್ನು ಛತ್ರದ ಒಳಗೆ ಕರೆದು ಮೊದಲನೇ ಪಂಕ್ತಿಯಲ್ಲಿ ಕೂರಿಸಿ, “ನಮ್ಮ ಊಟ ಖಾರ ಆಗುತ್ತೇನೋ, ನೋಡ್ಕೊಂಡು ತಿನ್ನಿ,” ಎಂದು ಉಪಚರಿಸುತ್ತಿದ್ದರು. ಕಾಂತರಾಜ್ ಅವರು ಖಾರ ಆದವರಂತೆ ಒಂದು ಲೋಟ ನೀರು ಕುಡಿದು ಪಾಯಸ ಹಾಕಿಸಿಕೊಳ್ಳುತ್ತಿದ್ದರು. ಪಾಯಸ ಚೆನ್ನಾಗಿರುತ್ತಿತ್ತು. ಆದರೆ ಕೆಲವೊಮ್ಮೆ, ಎಲೆಯ ಮುಂದೆ ಕೂತು, ಭದ್ರಾವತಿಯವನೆಂದು ತಮಗೆ ಯಾರೂ ಒಂದು ಸೌಟು ಬಡಿಸಲಿಲ್ಲವಲ್ಲ ಎಂದು ಅನ್ನಿಸಿ ಕೈ ತಡೆಯುತ್ತಿತ್ತು.

ರಮೀರೋನ ತಂಡ ಮರಳಿ ಹೋಗಲಿಲ್ಲ. ಜಿಲ್ಲೆಯ ಯಾವ ಸರಕಾರಿ ಕಾರ್ಯಕ್ರಮಕ್ಕೂ ಸ್ಥಳೀಯ ಕಲಾವಿದರು ಕಡ್ಡಾಯ, ಇದ್ದದ್ದು ಇವರೊಬ್ಬರೇ. ಕುಂಸಿಯಲ್ಲಿ ಪಶುವೈದ್ಯ ಶಿಬಿರವಾದರೂ, ತ್ಯಾವರೆಕೊಪ್ಪದ ಸಿಂಹಧಾಮದಲ್ಲಿ ಮರಿಗಳಿಗೆ ನಾಮಕರಣವಾದರೂ ಅವರಿಗೇ ಕರೆ. ಕುಂಸಿಯ ಜನ ಅವರನ್ನು ಕಂಡರೆ, ಕಾರ್ಖಾನೆ ಬಿಸಿಗೆ ಭದ್ರಾವತಿಯೋರ ಬಣ್ಣ ಹೀಗೆ ಕೆಂಪಾಗುತ್ತದೆ ಎಂದು ಮಕ್ಕಳಿಗೆ ತಿಳಿಸಿಕೊಡುತ್ತಿದ್ದರು. ರಮೀರೋ ಹಳೇನಗರದಲ್ಲಿ, ಟ್ಯೂಬಾದವನ ಪಕ್ಕದ ಓಣಿಯಲ್ಲೇ ಮನೆ ಹಿಡಿದ. “ಬರ್ತೀನಿ”, “ಆಯ್ತು ಮಾರಾಯ” ಎಂಬುದರಿಂದ ಶುರು ಮಾಡಿ ಕ್ರಮೇಣ ಬೈಗುಳದವರೆಗೂ ಕಲಿತ.

ವಿದೇಶಿ ಅತಿಥಿಗಳು ವರ್ಷಕ್ಕೊಮ್ಮೆ ಸಮ್ಮಿಲನ ಕಚೇರಿಗೆ ಬಂದು ವಾಸದ ಅವಧಿಯನ್ನು ವಿಸ್ತರಿಸಿಕೊಳ್ಳಬೇಕು. ಸ್ಥಳೀಯರೊಬ್ಬರು ಜಾಮೀನು ನಿಲ್ಲಬೇಕು. ಕಾಂತರಾಜ್ ಅವರಿಗೆ ಗೊತ್ತಿದ್ದ, ದಾಖಲೆಯಿರುವ ಸ್ಥಳೀಯ ಒಬ್ಬನೇ. ಮೊದಲ ವರ್ಷ ತುಂಬಿದಾಗ ಅವನನ್ನೂ ಇಂಪನಾಳನ್ನೂ ಕರೆದುಕೊಂಡು ಹೋದರು.

“ಇವರನ್ನ ಎಷ್ಟು ದಿನದಿಂದ ಬಲ್ಲಿರಿ?” ಎಂದು ಏಕಾಂತಪ್ಪನವರು ಕೇಳಿದರು.

“ಬಂದಾಗಿಂದ,” ಎಂದ ರಮೀರೋ. “ಒಳ್ಳೇ ಜನ. ಗಲಾಟೆ ಇಲ್ಲ. ಟ್ರಂಪೆಟ್ ತುಂಬಾ ಚೆನ್ನ.”

“ನಮ್ಮ ದೇಶಕ್ಕೆ ಹೊಂದ್ಕೊಂಡಿದೀರಾ?” ಎಂದು ಅವರು ಕಾಂತರಾಜ್ ಅವರತ್ತ ತಿರುಗಿದರು.

ಕಾಂತರಾಜ್ ಅವರು ಕಿಟಕಿಯಾಚೆ ದುರ್ಗಿಗುಡಿಯ ಬೀದಿ ನೋಡಿದರು. “ಹೊಂದ್ಕೊಂಡಿದೀನಿ ಸಾರ್. ಜನ ಈಗ ಚೆನ್ನಾಗಿ ನೋಡ್ಕೋತಾರೆ.”

ಮೊಹರು ಬಿತ್ತು. ಇನ್ನೊಂದು ವರ್ಷ ಭದ್ರಾವತಿಯಲ್ಲಿ ಇರಬಹುದು ಎಂದು ಅಪ್ಪಣೆಯಾಯಿತು. ಇಂಪನಾ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೂವರೂ ಮೆಟ್ಟಿಲಿಳಿದು ಬೇಕರಿಯ ಮುಂದೆ ಬಂದರು. ಕಾಂತರಾಜ್ ಅವರು ಕಾಫಿಗೆಂದು ಜೇಬಿಗೆ ಕೈ ಹಾಕಿದಾಗ ರಮೀರೋ ತಡೆದ.

“ಛೆ, ಅದೇನ್ ಮಾರಾಯ್ರೆ,” ಎಂದ. “ನೀವು ನಮ್ಮೂರಿಗೆ ಬಂದೋರು. ನಾನು ಕೊಡಿಸ್ತೀನಿ.”

ಕಾಂತರಾಜ್ ಅವರು ಕೈಮುಗಿದು, ಕೊಡಿಸಿದ ಕಾಫಿ ಕುಡಿದರು.